ಅವ್ವನ ಅಂಗೈಯಲ್ಲಿ ಇಟ್ಟದ್ದು

೬ ಸೆಪ್ಟೆಂಬರ್ ೨೦೨೪, ಶುಕ್ರವಾರ

ನಿನ್ನೆ ಮಧ್ಯಾಹ್ನ ಉಪ್ಪಿನಬೆಟಗೇರಿಯಲ್ಲಿ ಅವ್ವನ ಮಣ್ಣು ಮುಗಿಸಿ ಬಂದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಈ ಮಾತನ್ನು ಧಾರವಾಡದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸದ ಪಾಠ ಮಾಡುತ್ತ ನೂರು ಸಲ ಹೇಳಿದ್ದೇನೆ. ಪಿರಮಿಡ್ಡು, ಗೋಳಗುಮ್ಮಟ, ಚೀನಾದ ಮಣ್ಣಿನ ಸೈನಿಕರು ಎಲ್ಲ ಮುಗಿಸಿ ಕೊನೆಗೆ ನಮ್ಮ ಪದ್ಧತಿಗೆ ಬಂದಾಗ ದನಿ ತಾನಾಗಿ ಏರುತ್ತಿತ್ತು. ನಿನ್ನೆ ಬೆಳಿಗ್ಗೆಯೂ ಅಷ್ಟೇ. ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಭಜನೆ ನಡೆದಿತ್ತು. ನಾನು ಅಂಗಳದಲ್ಲಿ ನಿಂತು, ಹುಬ್ಬಳ್ಳಿಯಿಂದ ಬಂದಿದ್ದ ಹತ್ತಿ ವ್ಯಾಪಾರಿ ಬೀಗರಿಗೆ ಪಾಠ ಹೇಳುತ್ತಿದ್ದೆ. ಕೂತವರು ಪೂಜೆಯಲ್ಲಿದ್ದಾರೆ ಎಂದು ಅರ್ಥ, ಎಡ ಅಂಗೈಯಲ್ಲಿ ಇಷ್ಟಲಿಂಗ ಇರುತ್ತದೆ, ಜೀವ ಇದ್ದಾಗ ದಿನಾ ಹೇಗೆ ಕೂತಿದ್ದರೋ ಹಾಗೆಯೇ ಮಣ್ಣಿಗೆ ಹೋಗುತ್ತಾರೆ, ಇತ್ಯಾದಿ. ಸಾವಿನ ಮನೆಯಲ್ಲೂ ನನಗೆ ಕೇಳುವವರು ಬೇಕಿತ್ತು.

ಆಮೇಲೆ ನಡೆದದ್ದನ್ನು ಎಲ್ಲಾದರೂ ಇಡಬೇಕು. ವಿಮೆ ಕಂಪನಿಯವರು ಜನವರಿಯಲ್ಲಿ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು.

ಕುಣಿಯೊಳಗೆ ನಾನೇ ಇಳಿದೆ. ಮಗನೇ ಇಳಿಯಬೇಕೆಂದೇನೂ ಇಲ್ಲ, ಕುಣಿ ತೋಡಿದ ದ್ಯಾಮಣ್ಣ ಮತ್ತು ಇನ್ನೊಬ್ಬರು ಇಳಿದರೆ ಸಾಕು. ನಾನು ಇಳಿದರೆ ಚಂದ ಅನಿಸಿತು, ನಾಲ್ಕು ಜನ ಮೆಚ್ಚಿದರು ಕೂಡ. ನಾನೂ ದ್ಯಾಮಣ್ಣನೂ ಸೇರಿ ಅವ್ವನನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದೆವು. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಇಡಿ ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನೋರು ಮೇಲಿನಿಂದ ಹೇಳಿದರು. ಅವ್ವನ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ.

ಎಲ್ಲಿದೆ ಎಂದು ಆ ಕ್ಷಣಕ್ಕೇ ಹೊಳೆಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಬೆಳ್ಳಿ ತೆಗೆಯಬೇಕು ಎಂದಾಗ ಅವ್ವ ಕರಡಿಗೆಯನ್ನು ನನಗೆ ಕೊಟ್ಟು, ಲಿಂಗವನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಐಸಿಯು ಒಳಗೆ ಒಯ್ಯುವಾಗ ನರ್ಸ್ ಆ ಗಂಟನ್ನೂ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗಿತ್ತಳು. ಕಾಲೇಜು ಬ್ಯಾಗಿನ ಜಿಪ್ಪಿನ ಖಾನೆಯಲ್ಲಿ ಹಾಕಿ ಮರೆತೆ. ಅವ್ವ ತೀರಿದ ಮೇಲೆ ತಂಗಿ ದಾಕ್ಷಾಯಿಣಿಗೆ ಕರಡಿಗೆ ಮಾತ್ರ ಕೊಟ್ಟೆ. ಅವ್ವ ಇದ್ದದ್ದು ಆಕೆಯ ಮನೆಯಲ್ಲಿ, ಮೈ ತೊಳೆದು ಸೀರೆ ಉಡಿಸಿದ್ದೂ ಆಕೆಯೇ. ಲಿಂಗ ಒಳಗಿದೆ ಎಂದುಕೊಂಡು ಕರಡಿಗೆಯನ್ನು ಅವ್ವನ ಕೊರಳಿಗೆ ಹಾಕಿದಳು. ಅಣ್ಣ ಕೊಟ್ಟದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

ಬ್ಯಾಗು ಕಾರಿನಲ್ಲಿತ್ತು, ಕಾರು ರುದ್ರಭೂಮಿಯ ಗೇಟಿನ ಹತ್ತಿರ ಇತ್ತು. ತಡೀರಿ, ತರುತ್ತೇನೆ ಎಂದಿದ್ದರೆ ಐದು ನಿಮಿಷದ ಕೆಲಸ. ಆದರೆ ಮೇಲೆ ನೂರೈವತ್ತು ಮುಖಗಳು ಬಗ್ಗಿ ನೋಡುತ್ತಿದ್ದವು. ಬೆಳಿಗ್ಗೆ ನನ್ನ ಪಾಠ ಕೇಳಿದ ಬೀಗರೂ ಇದ್ದರು. ತಾಯಿಯ ಲಿಂಗ ಬಿಟ್ಟುಬಂದ ಮಗ ಎನಿಸಿಕೊಳ್ಳಲು ಬಾಯಿ ಬರಲಿಲ್ಲ. ಕುಣಿಯ ಗೋಡೆಯಿಂದ ಹಸಿ ಎರೆಮಣ್ಣು ಚಿವುಟಿ, ಉಂಡೆ ಮಾಡಿ, ಅವ್ವನ ಅಂಗೈಯಲ್ಲಿಟ್ಟು ಮೇಲೆ ಬಿಲ್ವಪತ್ರಿ ಮುಚ್ಚಿದೆ. ಲಿಂಗವೂ ಕಪ್ಪು, ನಮ್ಮ ಮಣ್ಣೂ ಕಪ್ಪು. ಮೇಲಿನವರಿಗೆ ಗೊತ್ತಾಗಲಿಲ್ಲ. ದ್ಯಾಮಣ್ಣ ಪಕ್ಕದಲ್ಲೇ ಇದ್ದ. ಅವನು ನನ್ನ ಕೈ ನೋಡಿದ, ಆಮೇಲೆ ಮುಖ ನೋಡಿದ.

ನನಗೀಗ ಐವತ್ತೈದು. ಇಂಥ ನಾಚಿಕೆ ಹಿಂದೆ ಯಾವತ್ತೂ ಆಗಿರಲಿಲ್ಲ.

೮ ಸೆಪ್ಟೆಂಬರ್, ರವಿವಾರ

ಓಣಿಯ ಗಣಪತಿಯ ಮೈಕು ಬೆಳಿಗ್ಗೆಯಿಂದ ಕಿವಿ ತಿನ್ನುತ್ತಿದೆ. ಲಿಂಗ ನನ್ನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಹಳೆಯ ಮೌಲ್ಯಮಾಪನದ ಫೈಲುಗಳ ಹಿಂದೆ ಇದೆ. ಹೆಂಡತಿ ರಜನಿಗೆ ಹೇಳಿಲ್ಲ.

ಶಾಂತವಾಗಿ ಯೋಚಿಸಿದರೆ ಇದು ಅಷ್ಟು ದೊಡ್ಡ ಸಂಗತಿಯಲ್ಲ. ಹಳೆಯ ಚೀನಾದಲ್ಲಿ ಸತ್ತವರ ನಾಲಗೆಯ ಮೇಲೆ ಜೇಡ್ ಕಲ್ಲಿನ ಜೀರುಂಡೆ ಇಡುತ್ತಿದ್ದರು. ಕೊಳ್ಳಲಾಗದವರು ಗಾಜಿನದು ಇಟ್ಟರು. ಈಜಿಪ್ಟಿನ ಗೋರಿಗಳಲ್ಲಿ ನಿಜವಾದ ರೊಟ್ಟಿಯ ಬದಲು ಗೋಡೆಯ ಮೇಲೆ ರೊಟ್ಟಿಯ ಚಿತ್ರ ಇದ್ದರೂ ನಡೆಯುತ್ತಿತ್ತು. ಇದ್ದದ್ದಕ್ಕೆ ಬದಲಾಗಿ ಇನ್ನೊಂದನ್ನು ಇಡುವುದು ಲೋಕದಲ್ಲಿ ಹೊಸದಲ್ಲ. ಅಲ್ಲದೆ ನಾನೇನು ಲಿಂಗ ಕಟ್ಟಿಕೊಂಡು ತಿರುಗುವವನೇ? ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಸ್ಟೆಲಿನ ಮೊಳೆಗೆ ತೂಗುಹಾಕಿದವನು ಮತ್ತೆ ತಿರುಗಿ ನೋಡಿಲ್ಲ. ಕಲ್ಲು ಕಲ್ಲೇ.

ಬರೆದದ್ದನ್ನು ಓದಿ ನೋಡಿದೆ. ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ ಪುಟ ತುಂಬಿಸಿದ ಹಾಗಿದೆ. ನಾನಾದರೆ ಸೊನ್ನೆ ಹಾಕುತ್ತಿದ್ದೆ.

೧೪ ಸೆಪ್ಟೆಂಬರ್, ಶನಿವಾರ

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಗೋಧಿ ಹುಗ್ಗಿ ಬಡಿಸುವಾಗ ದಾಕ್ಷಾಯಿಣಿ ಪಂಕ್ತಿಯಲ್ಲಿ ನಿಂತು ಎಲ್ಲರಿಗೂ ಹೇಳುತ್ತಿದ್ದಳು, ನಮ್ಮಣ್ಣ ತಾನೇ ಕುಣಿಯಾಗ ಇಳಿದು ಅವ್ವನ ಕೈಯಾಗ ಲಿಂಗ ಇಟ್ಟ, ಇಷ್ಟು ಓದಿದವರು ಯಾರು ಹಂಗ ಮಾಡತಾರ ಅಂತ. ನಾನು ಹುಗ್ಗಿಯಲ್ಲಿ ಬೆರಳಾಡಿಸುತ್ತ ಕೂತಿದ್ದೆ. ದುಃಖಕ್ಕೆ ಹಾಗಾಗಿದೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ಅವರ ಕೈಯನ್ನು ತಳ್ಳಿಬಿಡೋಣ ಅನಿಸಿತು.

ಸಮಾಧಿ ಕಟ್ಟುವ ನವಾಜ ಧಾರವಾಡದಿಂದ ಬಂದಿದ್ದ. ಸುತ್ತಿನ ಹಳ್ಳಿಗಳಲ್ಲಿ ನಮ್ಮವರ ಗದ್ದುಗೆಗಳನ್ನೂ ತಮ್ಮವರ ಗೋರಿಗಳನ್ನೂ ಅವನೇ ಕಟ್ಟುತ್ತಾನೆ. ಅಳತೆ ಮಾಡಿಕೊಂಡ. ಎರೆಭೂಮಿ, ಮಳೆಗಾಲ, ಮಣ್ಣು ಕೂರಲು ಒಂದು ತಿಂಗಳಾದರೂ ಬೇಕು, ಅವಸರ ಮಾಡಿದರೆ ಕಲ್ಲು ಬಿರಿಯುತ್ತದೆ ಎಂದ. ಅಕ್ಟೋಬರ್ ಆರನೇ ತಾರೀಖು ರವಿವಾರ ಚಪ್ಪಡಿ ಹಾಕುವುದೆಂದು ಗೊತ್ತಾಯಿತು. ಒಮ್ಮೆ ಕಲ್ಲು ಕೂತರೆ ಮುಗಿಯಿತು, ನೂರು ವರ್ಷ ಯಾರೂ ಮುಟ್ಟುವುದಿಲ್ಲ ಎಂದು ಧೈರ್ಯ ಹೇಳಿದ. ಅವನ ಮಟ್ಟಿಗೆ ಅದು ಒಳ್ಳೆಯ ಮಾತು.

ಅಂದರೆ ಇನ್ನು ಇಪ್ಪತ್ತೆರಡು ದಿನ. ಹೇಳುವುದಿದ್ದರೆ ಅಷ್ಟರೊಳಗೆ ಹೇಳಬೇಕು. ಕಲ್ಲು ಕೂತ ಮೇಲೆ ಹೇಳುವುದಕ್ಕೆ ಅರ್ಥವಿಲ್ಲ.

೧೭ ಸೆಪ್ಟೆಂಬರ್, ಮಂಗಳವಾರ

ರಜನಿ ಎಲ್‌ಐಸಿ ಬಾಂಡು ಹುಡುಕುತ್ತ ಕಪಾಟಿಗೆ ಕೈ ಹಾಕಿದ್ದಳು. ಆಕೆ ಅತ್ತ ಹೋದ ಕೂಡಲೇ ಗಂಟನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ. ಇನ್ನು ಮೇಲೆ ಅಲ್ಲೇ ಇರಲಿ, ಸುರಕ್ಷಿತ.

೨೦ ಸೆಪ್ಟೆಂಬರ್, ಶುಕ್ರವಾರ

ಮುಂದಿನ ವಾರ ವಿಭಾಗದಿಂದ 'ಜಗತ್ತಿನ ಸಮಾಧಿಗಳು' ಪ್ರದರ್ಶನ. ಜೂನಿನಲ್ಲಿ ಈ ವಿಷಯ ಆರಿಸಿದವನು ನಾನೇ. ಮಕ್ಕಳು ಹುರುಪಿನಿಂದ ಕೆಲಸ ಮಾಡಿದ್ದಾರೆ. ಘಾನಾ ದೇಶದಲ್ಲಿ ಬೆಸ್ತನಿಗೆ ಮೀನಿನ ಆಕಾರದ ಶವಪೆಟ್ಟಿಗೆ ಮಾಡುತ್ತಾರಲ್ಲ, ಅದನ್ನು ಥರ್ಮೋಕೋಲಿನಲ್ಲಿ ಮಾಡಿ ಹುರುಪೆಗೆ ಬಣ್ಣ ಬಳಿದಿದ್ದರು. ಇಂಡೋನೇಷ್ಯಾದ ತೊರಾಜಾ ಜನ ಬಂಡೆಯ ಗೂಡುಗಳಲ್ಲಿ ಸತ್ತವರ ಕಟ್ಟಿಗೆಯ ಗೊಂಬೆ ನಿಲ್ಲಿಸುತ್ತಾರೆ. ಆ ಗೊಂಬೆಗಳಿಗೆ ಧಾರವಾಡದ ಹುಡುಗಿಯರು ತಮ್ಮ ಅಜ್ಜಿಯರ ಇಳಕಲ್ ಸೀರೆಯ ತುಂಡು ಉಡಿಸಿದ್ದರು. ನಗು ಬಂತು. ಬಹಳ ದಿನದ ಮೇಲೆ ಬಂತು.

ನಮ್ಮ ಪದ್ಧತಿಯ ಪೋಸ್ಟರು ಮಾಡುತ್ತಿರುವವಳು ಶಾಜಿಯಾ, ಕೊನೆಯ ವರ್ಷದವಳು, ಚುರುಕು. ಪುಸ್ತಕದ ಮಾಹಿತಿ ಇದೆ, ಇಟ್ಟವರ ಮಾತು ಬೇಕು ಎಂದು ಬಂದಳು.

"ಸರ, ನಮ್ಮೊಳಗ ಕಫನ್ ಬಟ್ಟಿ ಬಿಟ್ಟು ಏನೂ ಇಡಾಂಗಿಲ್ಲರಿ. ಬರಿಗೈಲೆ ಕಳಸ್ತಾರ. ನೀವು ಮೊನ್ನೆ ಅವ್ವಾರ ಕೈಯಾಗ ಲಿಂಗ ಇಟ್ಟೀರಂತ ಕೇಳೇನಿ. ಇಡೋ ಮುಂದ ನಿಮಗ ಹೆಂಗನಸ್ತರಿ?"

ಸಮಾಧಾನ ಆಯಿತು ಎಂದೆ. ಅಷ್ಟಕ್ಕೇ ಬಿಡದೆ, ಋಣ ತೀರಿದಂತೆ ಅನಿಸಿತು ಎಂದೂ ಸೇರಿಸಿದೆ. ಆಕೆ ಬರೆದುಕೊಂಡಳು. ಮಾತಾಡುತ್ತಿರುವಾಗ ಕಿಸೆಯ ಮೇಲೆ ಕೈ ಇಟ್ಟುಕೊಂಡಿದ್ದೆ ಎಂದು ಆಮೇಲೆ ತಿಳಿಯಿತು. ಬರಿಗೈಯಲ್ಲಿ ಕಳಿಸುವವರು ಎಷ್ಟೋ ಮೇಲು. ಅವರಿಗೆ ಸುಳ್ಳು ಇಡಲು ಜಾಗವೇ ಇಲ್ಲ.

೨೨ ಸೆಪ್ಟೆಂಬರ್, ರವಿವಾರ

ಇವತ್ತು ಮಾಡಿದ್ದು ಮೊದಲಿನದಕ್ಕಿಂತ ಕೀಳು.

ಒಂದು ಜೊತೆ ಧೋತರ, ಒಂದು ಟಾವೆಲು ತೆಗೆದುಕೊಂಡು ದ್ಯಾಮಣ್ಣನ ಮನೆಗೆ ಹೋದೆ. ಅಂಗಳದಲ್ಲಿ ಹೆಸರುಕಾಳು ಒಣಹಾಕಿ ಕಾಯುತ್ತ ಕೂತಿದ್ದ. ಅವ್ವನ ಕಾರ್ಯಕ್ಕೆ ಬಹಳ ದುಡಿದೆ, ಅದಕ್ಕೆ ತಂದೆ ಎಂದೆ. ದ್ಯಾಮಣ್ಣ ಧೋತರವನ್ನು ನೋಡಿದ, ಮುಟ್ಟಲಿಲ್ಲ. ಕಾರ್ಯದ ದಿನವೇ ಅಕ್ಕಾರು ಕೊಟ್ಟಾರಲ್ಲ ಎಂದ. ಅಕ್ಕಾರು ಅಂದರೆ ದಾಕ್ಷಾಯಿಣಿ. ಮೊದಲೇ ಕೊಟ್ಟಿದ್ದಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಚಹಾ ತರಿಸಿದ. ನಾನು ಹವಾಮಾನ, ಹೆಸರಿನ ಬೆಳೆ, ಅವನ ಮಂಡಿನೋವು ಎಲ್ಲ ಮಾತಾಡಿದೆ. ಕೊನೆಗೆ ಅವನೇ ಹೇಳಿದ.

"ಮಾಸ್ತರ್ರ, ನಾ ಮುನ್ನೂರು ಮಂದೀನ ಇಳಿಸೇನಿ. ಕುಣಿಯಾಗ ನೋಡಿದ್ದು ಕುಣಿಯಾಗ ಬಿಟ್ಟು ಬರ್ತೇನಿ. ನನ್ನ ಕಡಿಂದ ಹೊರಗ ಬರಾಂಗಿಲ್ಲ. ನೀವು ಅದನ್ನ ಹೊತ್ಕೊಂಡ ಮ್ಯಾಲ ಬಂದೀರಿ, ಅದಕ್ಕ ನಾ ಏನ್ ಮಾಡ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಧೋತರವನ್ನು ವಾಪಸ್ಸು ಬಗಲಲ್ಲಿ ಹಿಡಿದುಕೊಂಡು ಓಣಿ ದಾಟುವಾಗ ದಾಕ್ಷಾಯಿಣಿಯ ಮನೆಯ ಮುಂದೆ ಹಾದುಹೋಗಬೇಕು. ಹಿಂದಿನ ದಾರಿ ಹಿಡಿದೆ. ನಾನು ಹುಟ್ಟಿದ ಊರಿನಲ್ಲಿ ಕಳ್ಳದಾರಿ.

೨೫ ಸೆಪ್ಟೆಂಬರ್, ಬುಧವಾರ

ಕಿಸೆಯಲ್ಲಿ ಪೆನ್ನಿನ ಮಸಿ ಸೋರಿ ಗಂಟಿನ ಬಟ್ಟೆಗೆ ಹತ್ತಿತ್ತು. ಬಟ್ಟೆ ಬದಲಿಸಬೇಕಾಯಿತು. ಬಿಚ್ಚಿದ ಮೇಲೆ ಹಾಗೇ ಕಟ್ಟುವುದು ಬೇಡವೆಂದು ನೀರಲ್ಲಿ ತೊಳೆದೆ. ಅವ್ವ ಹೇಗೆ ಹಿಡಿಯುತ್ತಿದ್ದಳೋ ಹಾಗೆ ಹಿಡಿದರೆ ಜಾರುವುದಿಲ್ಲ. ಹಿತ್ತಲಲ್ಲಿ ಸಂಪಿಗೆ ಬಿದ್ದಿತ್ತು, ಒಂದು ಇಟ್ಟೆ, ಸುಮ್ಮನೆ. ಚಹಾ ತಣ್ಣಗಾಯಿತು ಎಂದು ರಜನಿ ಗೊಣಗಿದಳು.

೨೭ ಸೆಪ್ಟೆಂಬರ್, ಶುಕ್ರವಾರ

ಪ್ರದರ್ಶನ ಭರ್ಜರಿ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಎರಡೇ.

ಒಂದು, ಈಜಿಪ್ಟಿನ ಮೇಜಿನ ಮುಂದೆ ಪ್ರಾಂಶುಪಾಲರಿಗೆ ಮತ್ತು ಅತಿಥಿಗಳಿಗೆ ನಾನು ವಿವರಿಸಬೇಕಿತ್ತು. ಹೆಣದ ಎದೆಯ ಮೇಲೆ ಇಡುವ ಜೀರುಂಡೆಯಾಕಾರದ ಕಲ್ಲು. ಸತ್ತವನ ಹೃದಯವನ್ನು ದೇವರ ಮುಂದೆ ತಕ್ಕಡಿಗೆ ಹಾಕುತ್ತಾರೆ, ಆಗ ಅದು ಬಾಯಿ ಬಿಟ್ಟು ತನ್ನ ಯಜಮಾನನ ವಿರುದ್ಧವೇ ಸಾಕ್ಷಿ ಹೇಳದಿರಲಿ ಎಂದು ಆ ಕಲ್ಲು. ಪ್ರತಿ ವರ್ಷ ಪಾಠದಲ್ಲಿ ಇಲ್ಲಿಗೆ ಬಂದಾಗ ಒಂದು ನಗೆಚಟಾಕಿ ಹಾರಿಸುತ್ತಿದ್ದೆ. ಇವತ್ತು ಕಲ್ಲಿನ ಹೆಸರು ಹೇಳಿ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಶಾಜಿಯಾ ಉಳಿದದ್ದನ್ನು ಹೇಳಿ ಮುಗಿಸಿದಳು. ಸರ್ ತಾಯಿ ಹೋಗಿ ಇನ್ನೂ ತಿಂಗಳಾಗಿಲ್ಲ ಎಂದು ಅವರಿಗೆ ಪಿಸುಗುಟ್ಟಿದಳು. ಎಲ್ಲರ ಮುಖ ಮೆತ್ತಗಾಯಿತು.

ಇನ್ನೊಂದು, ಆಕೆಯ ಪೋಸ್ಟರು. ಕೂತ ಅಜ್ಜಿಯ ಚಿತ್ರ, ಅಂಗೈಯಲ್ಲಿ ಲಿಂಗ. ಕೆಳಗೆ ದಪ್ಪ ಅಕ್ಷರದಲ್ಲಿ: "ನನ್ನ ತಾಯಿಯ ಅಂಗೈಯಲ್ಲಿ ಲಿಂಗ ಇಟ್ಟಾಗ ಋಣ ತೀರಿದಂತೆ ಅನಿಸಿತು." ಅದರ ಕೆಳಗೆ ನನ್ನ ಹೆಸರು, ಪದವಿಗಳ ಸಮೇತ. ರಜನಿ ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದು ದಾಕ್ಷಾಯಿಣಿಗೆ ವಾಟ್ಸಾಪ್ ಮಾಡಿದಳು. ಸಂಜೆ ದಾಕ್ಷಾಯಿಣಿಯ ಫೋನು. ಅಳುತ್ತಲೇ ಮಾತಾಡಿದಳು. ಅವ್ವ ಹೋದ ದಿನದಿಂದ ಒಂದೇ ಸಂಗತಿ ತನ್ನನ್ನು ಹಿಡಿದು ನಿಲ್ಲಿಸಿದೆ, ಅವ್ವ ಲಿಂಗ ಬಿಟ್ಟು ಹೋಗಲಿಲ್ಲ ಎಂಬುದು, ಅದನ್ನು ನೀನು ಬರೆದು ಹಾಕಿಸಿದ್ದೀ ಎಂದಳು. ಹೂಂ ಎಂದೆ. ಹೂಂ ಎನ್ನುವುದರ ಬದಲು ಬೇರೆ ಏನಾದರೂ ಹೇಳಲು ಒಂದು ನಿಮಿಷ ಪೂರ್ತಿ ಇತ್ತು.

ನನ್ನ ಸುಳ್ಳನ್ನು ಹಿಡಿದುಕೊಂಡು ಆಕೆ ನಿಂತಿದ್ದಾಳೆ. ಹೇಳಿದರೆ ಬೀಳುತ್ತಾಳೆ. ಹೇಳದಿದ್ದರೆ ನಾನು ಅವ್ವನ ಜೊತೆಗೆ ಆಕೆಗೂ ಮೋಸ ಮಾಡಿದ ಹಾಗೆ.

೧ ಅಕ್ಟೋಬರ್, ಮಂಗಳವಾರ

ಅಯ್ಯನೋರಿಗೆ ಫೋನು ಮಾಡಿದೆ. ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಹೀಗೆ ಲಿಂಗ ಉಳಿದುಹೋಗಿದೆ, ಏನು ಮಾಡಬೇಕು ಎಂದು ಕೇಳಿದೆ. ಅದಕ್ಕೇನು ಚಿಂತೆ, ಸಮಾಧಿಯ ಮೇಲೆ ಒಂದು ಗೇಣು ಮಣ್ಣು ಸರಿಸಿ ಇಟ್ಟುಬಿಡಲಿ, ಆಮೇಲೆ ಕಲ್ಲು ಹಾಕಲಿ, ಸೇರಬೇಕಾದವರಿಗೆ ಸೇರುತ್ತದೆ ಎಂದರು. ಇಷ್ಟು ಸರಳ. ಮಡಗಾಸ್ಕರದಲ್ಲಿ ಕೆಲವು ವರ್ಷಕ್ಕೊಮ್ಮೆ ಗೋರಿ ತೆರೆದು, ಸತ್ತವರನ್ನು ಹೊರಗೆ ತಂದು, ಹೊಸ ಬಟ್ಟೆ ಸುತ್ತಿ, ಕುಣಿದು ಮತ್ತೆ ಒಳಗಿಡುತ್ತಾರೆ. ಅಷ್ಟೆಲ್ಲ ಬೇಕಿಲ್ಲ, ಒಂದು ಗೇಣು ಸಾಕು.

ಶನಿವಾರ ಬೆಳಿಗ್ಗೆ ಒಬ್ಬನೇ ಹೋಗಿ ಇಟ್ಟು ಬರುತ್ತೇನೆ. ಯಾರಿಗೂ ನೋವಿಲ್ಲ. ಬಹಳ ದಿನದ ಮೇಲೆ ಎದೆ ಹಗುರಾಯಿತು.

೪ ಅಕ್ಟೋಬರ್, ಶುಕ್ರವಾರ

ಇನ್ನು ಒಂದೇ ಬೆಳಿಗ್ಗೆ ಇದು ನನ್ನ ಹತ್ತಿರ ಇರುವುದು. ಹಗುರಾಗಿದ್ದೆನಲ್ಲ, ಈಗ ಯಾಕೆ ಹೀಗೆ ಎಂದು ಗೊತ್ತಾಗುತ್ತಿಲ್ಲ.

೫ ಅಕ್ಟೋಬರ್, ಶನಿವಾರ

ಆದದ್ದನ್ನು ಆದ ಹಾಗೆ ಬರೆ, ಶಂಭುಲಿಂಗ.

ಏಳು ಗಂಟೆಗೆ ರುದ್ರಭೂಮಿಯಲ್ಲಿದ್ದೆ. ಯಾರೂ ಇರಲಿಲ್ಲ. ನವಾಜನ ಚಪ್ಪಡಿಗಳು ಬಂದು ಬಿದ್ದಿದ್ದವು. ಮಣ್ಣು ಕೂತಿತ್ತು. ಕೂತು ಬೆರಳಿಂದಲೇ ಒಂದು ಗೇಣು ಅಗೆದೆ. ಗಂಟು ಬಿಚ್ಚಿ ಲಿಂಗವನ್ನು ಕೈಗೆ ತೆಗೆದುಕೊಂಡೆ. ಇಟ್ಟು ಮಣ್ಣೆಳೆದರೆ ಮುಗಿಯಿತು, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ ನನ್ನ ಮೇಲೆ ನನಗೆ ಹೇಸಿಗೆ ಬಂತು. ಅವತ್ತು ಇದೇ ಜಾಗದಲ್ಲಿ ಇದೇ ಲೆಕ್ಕ ಹಾಕಿದ್ದೆ. ತಗ್ಗು ಮುಚ್ಚಿ ಎದ್ದೆ. ಲಿಂಗ ಕೈಯಲ್ಲೇ ಇತ್ತು.

ದಾಕ್ಷಾಯಿಣಿ ಪಡಸಾಲೆಯಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದಳು. ನಾಳೆ ಬರುವವನು ಇವತ್ತೇ ಬಂದೆಯಾ ಎಂದು ಎದ್ದು ಒಲೆಯ ಮೇಲೆ ಚಹಾದ ನೀರು ಇಟ್ಟು ಬಂದಳು. ಬೇಡ, ನನ್ನದು ಇನ್ನೂ ಆಗಿಲ್ಲ ಎಂದೆ, ಪೂಜೆಗೆ ಮುಂಚೆ ಚಹಾ ಕೊಟ್ಟರೆ ಅವ್ವ ಹೇಳುತ್ತಿದ್ದ ಹಾಗೆ. ಏನು ಆಗಿಲ್ಲ ಎಂದು ಕೇಳಿದಳು. ಏನು ಹೇಳಬೇಕೆಂದು ತಿಳಿಯದೆ ಮುಷ್ಟಿ ಬಿಚ್ಚಿ ತೋರಿಸಿದೆ.

ಆಕೆಗೆ ಗುರುತು ಸಿಕ್ಕಿತು. ನಾನು ಎಲ್ಲ ಹೇಳಿದೆ. ಖಾಲಿ ಕರಡಿಗೆ, ಬ್ಯಾಗು, ಮಣ್ಣಿನ ಉಂಡೆ, ಪೋಸ್ಟರು, ಧೋತರ ಕೂಡ. ಮುಗಿದ ಮೇಲೆ ಆಕೆ ಲಿಂಗವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ. ಆಕೆ ಕೇಳಿದ್ದು ಬೇರೆ.

"ಅಣ್ಣಾ, ಐಸಿಯುದಾಗ ಎರಡ ದಿನ ಅವ್ವಗ ಎಚ್ಚರ ಇತ್ತು. ಲಿಂಗ ಕೇಳಲಿಲ್ಲೇನು?"

ಈ ಡೈರಿಯ ಮೊದಲ ಪುಟದಲ್ಲಿ, ಬ್ಯಾಗಿನಲ್ಲಿ ಹಾಕಿ ಮರೆತೆ ಎಂದು ಬರೆದಿದ್ದೇನೆ. ಅದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆ. ದಾಕ್ಷಾಯಿಣಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ.

ಅವ್ವ ಕೇಳಿದಳು. ಬಾಯಿಗೆ ಮಾಸ್ಕ್ ಇತ್ತು, ಮಾತು ಬರುತ್ತಿರಲಿಲ್ಲ. ಕೈ ಮತ್ತೆ ಮತ್ತೆ ಎದೆಯ ಮೇಲೆ ಹೋಗುತ್ತಿತ್ತು, ಕೊರಳ ಹತ್ತಿರ ತಡಕುತ್ತಿತ್ತು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೆಚ್ಚು. ಅವಳು ನನ್ನ ಮುಖ ನೋಡಿ ಎಡ ಅಂಗೈ ಚಾಚಿದಳು. ಏನು ಹುಡುಕುತ್ತಿದ್ದಾರೆ ಎಂದು ಡಾಕ್ಟರು ಕೇಳಿದರು. ನನಗೆ ಗೊತ್ತಿತ್ತು. ಬ್ಯಾಗು ಹೊರಗೆ ಬೆಂಚಿನ ಮೇಲಿತ್ತು. ಆ ಡಾಕ್ಟರು ಹಿಂದಿನ ದಿನವಷ್ಟೇ ನಿಮ್ಮಂಥ ತಿಳಿದವರು ಜೊತೆಗಿದ್ದರೆ ನಮ್ಮ ಕೆಲಸ ಸುಲಭ ಎಂದಿದ್ದರು. ಅವರ ಮುಂದೆ, ನಮ್ಮವ್ವನಿಗೆ ಲಿಂಗ ಬೇಕು, ಒಳಗೆ ತರಲು ಬಿಡಿ ಎನ್ನಲು ನಾಚಿಕೆಯಾಯಿತು. ಏನಿಲ್ಲ, ಮಂಪರಿನಲ್ಲಿ ಹಾಗೆ ಮಾಡುತ್ತಾಳೆ ಎಂದೆ. ನಳಿಕೆ ಕಿತ್ತುಕೊಂಡಾರು, ಕೈ ಕಟ್ಟಬೇಕಾಗುತ್ತದೆ, ಸಹಿ ಹಾಕಿ ಎಂದರು. ಹಾಕಿದೆ. ಮಂಚದ ಸರಳಿಗೆ ಎರಡೂ ಕೈ ಕಟ್ಟಿದರು. ಅವ್ವ ತೀರಿಹೋದ ಮೇಲೆ ಬಿಚ್ಚಿದರು.

ಆಸ್ಪತ್ರೆಯಲ್ಲಿ ಲಿಂಗ ಬೇಕು ಎನ್ನಲು ನಾಚಿದೆ. ಕುಣಿಯಲ್ಲಿ ಲಿಂಗ ಇಲ್ಲ ಎನ್ನಲು ನಾಚಿದೆ. ಯಾವುದಕ್ಕೆ ನಾಚಬೇಕಿತ್ತೋ ಅದಕ್ಕೆ ಒಂದು ಸಲವೂ ನಾಚಲಿಲ್ಲ.

ಒಲೆಯ ಮೇಲೆ ನೀರು ಕುದಿದು ಹೋಯಿತು. ನಾನು, ಚಪ್ಪಡಿ ಹಾಕುವುದನ್ನು ಮುಂದಕ್ಕೆ ಹಾಕೋಣ, ಬೇಕಾದರೆ ಸಮಾಧಿ ತೆಗೆಸೋಣ, ಅಥವಾ ಅಯ್ಯನೋರು ಹೇಳಿದ ಹಾಗೆ ನೀನೇ ನಾಳೆ ಕಲ್ಲಿನ ಕೆಳಗೆ ಇಡು, ನಿನ್ನ ಕೈಯಿಂದ ಸೇರಲಿ ಎಂದೆಲ್ಲ ಬಡಬಡಿಸಿದೆ.

"ಮಣ್ಣಿನ ಮಾತು ಬಿಡು," ಎಂದಳು. "ಮಣ್ಣಾಗ ಮಣ್ಣ ಇಟ್ಟಿ, ಅದಕ್ಕ ಅವ್ವ ಏನೂ ಅನ್ನಾಂಗಿಲ್ಲ. ಜೀವ ಇದ್ದಾಗ ಕೈ ಚಾಚಿದ್ಲಲ್ಲ. ಆವಾಗ ಕೊಡಲಿಲ್ಲ. ಈಗ ಕಲ್ಲಿನ ಬುಡಕ ಇಟ್ಟು ನೀ ಹಗೂರ ಆಗಬ್ಯಾಡ. ನಿನ್ನ ಕಡೇನ ಇರಲಿ ಇದು."

ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟಳು. ಎಡ ಅಂಗೈಯಲ್ಲಿ. ಆಮೇಲೆ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಅಳುವುದು ಕೇಳಿಸಿತು. ಹೊಸ್ತಿಲ ತನಕ ಹೋಗಿ ನಿಂತೆ. ಒಳಗೆ ಹೋಗುವ ಯೋಗ್ಯತೆ ನನಗಿಲ್ಲ ಅನಿಸಿ ವಾಪಸ್ಸು ಬಂದೆ.

೬ ಅಕ್ಟೋಬರ್, ರವಿವಾರ

ಚಪ್ಪಡಿ ಹಾಕಿ ಬಂದೆವು.

ದಾಕ್ಷಾಯಿಣಿ ಯಾರಿಗೂ ಏನೂ ಹೇಳಿರಲಿಲ್ಲ. ನನ್ನ ಜೊತೆಗೂ ಮಾತಾಡಲಿಲ್ಲ. ಊರಿನ ಹಿರಿಯರು, ಹುಬ್ಬಳ್ಳಿಯ ಬೀಗರು, ಅವತ್ತಿನ ಮುಖಗಳೇ ಬಹಳ ಇದ್ದವು. ಅಯ್ಯನೋರು ಪೂಜೆ ಮುಗಿಸಿದರು. ಮೇಲಿನ ಕಲ್ಲನ್ನು ಎತ್ತಿ ಕೂರಿಸಲು ನಾಲ್ಕು ಜನ ಬೇಕೆಂದು ನವಾಜ ಕರೆದ. ಮಗ ಒಂದು ಮೂಲೆ ಹಿಡಿಯಲಿ ಎಂದು ಯಾರೋ ಹೇಳಿದರು. ಹೋಗಿ ಬಲಗೈ ಹಚ್ಚಿದೆ. ಎಡಗೈ ಮುಷ್ಟಿಯಲ್ಲಿ ಲಿಂಗ ಇತ್ತು.

"ಸರ, ಒಂದ ಕೈಲೆ ಆಗಾಂಗಿಲ್ಲರಿ. ಎರಡೂ ಕೈ ಹಚ್ಚರಿ," ಎಂದ ನವಾಜ.

ದಾಕ್ಷಾಯಿಣಿಯ ಕಡೆ ನೋಡಿದೆ, ಒಂದು ಗಳಿಗೆ ಹಿಡಿದುಕೊಂಡಾಳು ಎಂದು. ಆಕೆ ಕೈ ಚಾಚಲಿಲ್ಲ. ಕಿಸೆಗೆ ಹಾಕಬಹುದಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಹೆಗಲ ಮೇಲಿನ ಶಲ್ಯ ತೆಗೆದು, ಲಿಂಗವನ್ನು ಅದರ ನಡುವೆ ಇಟ್ಟು ಗಂಟು ಹಾಕಿ, ಎರಡು ತುದಿಯನ್ನು ಕೊರಳ ಹಿಂದೆ ಕಟ್ಟಿಕೊಂಡೆ. ಕಟ್ಟಿ ರೂಢಿಯಿಲ್ಲದ್ದರಿಂದ ಹೊತ್ತು ಹಿಡಿಯಿತು. ಅಷ್ಟರಲ್ಲಿ ಎಲ್ಲರೂ ನೋಡಿದ್ದರು.

"ಯಾರ ಲಿಂಗರಿ ಅದು?" ಎಂದು ಅಯ್ಯನೋರು ಕೇಳಿದರು.

"ಅವ್ವಂದರಿ," ಎಂದೆ.

ಬೀಗರಲ್ಲಿ ಒಬ್ಬರು ಮುಖ ಆಚೆ ತಿರುಗಿಸಿದರು. ದ್ಯಾಮಣ್ಣ ನಾನು ನಿಂತ ಮೂಲೆಯಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದ. ಬಗ್ಗಿ ಎರಡೂ ಕೈ ಹಚ್ಚಿದೆ. ಕಲ್ಲು ಬಹಳ ಭಾರವಿತ್ತು.